ವಿಷಪ್ರಮಾಣ: ಪಡ್ರೆಯ ನಿದರ್ಶನವೂ ಸ್ಥಳೀಯ ಪರೀಕ್ಷಾಲಯಗಳಿಗೆ ಸಾರ್ವಜನಿಕ ಧನವೂ

೧. ಪ್ರಮಾಣಶಬ್ದದ ಎರಡು ಅರ್ಥಗಳು

ಕನ್ನಡದಲ್ಲಿ ಪ್ರಮಾಣವೆಂಬ ಶಬ್ದವು ಎರಡು ಮುಖ್ಯ ಅರ್ಥಗಳಲ್ಲಿ ರೂಢವಾಗಿರುವುದು. ಅಳತೆ ಅಥವಾ ಪರಿಮಾಣವೆಂಬುದು ಮೊದಲನೆಯ ಅರ್ಥ. ಒಂದು ಸಂಗತಿಯು ನಿಜವೆಂದು ಯಾವುದರಿಂದ ನಿಶ್ಚಯವಾಗುವುದೋ ಅದು ಎರಡನೆಯ ಅರ್ಥ. ವೈದ್ಯನು ಔಷಧದ ಪ್ರಮಾಣವನ್ನು ಹೇಳುವಾಗ ಮೊದಲನೆಯ ಅರ್ಥವೂ, ತಾರ್ಕಿಕನು ಪ್ರತ್ಯಕ್ಷ, ಅನುಮಾನ ಮುಂತಾದ ಪ್ರಮಾಣಗಳನ್ನು ಎಣಿಸುವಾಗ ಎರಡನೆಯ ಅರ್ಥವೂ ನಮಗೆ ತೋರುವುವು. ಈ ಎರಡಕ್ಕೂ ಮೂಲ ಅಳೆಯುವುದೆಂಬ ಅರ್ಥವುಳ್ಳ ಒಂದೇ ಸಂಸ್ಕೃತ ಧಾತುವೆಂಬುದು ಭಾಷಾಭ್ಯಾಸಿಗಳಿಗೆ ಹೊಸ ಸಂಗತಿಯಲ್ಲ.

ನಿತ್ಯವ್ಯವಹಾರದಲ್ಲಿ ಈ ಎರಡು ಅರ್ಥಗಳು ಬೇರೆ ಬೇರೆಯಾಗಿಯೇ ಉಳಿಯುವುವು. ನೀರು, ಮಣ್ಣು, ಗಾಳಿಗಳಲ್ಲಿ ಬೆರೆತ ವಿಷಗಳ ವಿಷಯದಲ್ಲಾದರೋ ಅವು ಮತ್ತೆ ಒಂದಾಗುವುವು. ಇಂತಹ ವಿಷಗಳಲ್ಲಿ ಹಲವಕ್ಕೆ ಬಣ್ಣವಿಲ್ಲ. ಅಪಾಯವುಂಟಾಗುವ ಮಟ್ಟದಲ್ಲಿ ವಾಸನೆಯಾಗಲಿ ರುಚಿಯಾಗಲಿ ತಿಳಿಯುವುದಿಲ್ಲ. ಆದಕಾರಣ ಪ್ರತ್ಯಕ್ಷಪ್ರಮಾಣವು ಇಲ್ಲಿ ಕೈಗೊಡದು. ರೋಗವನ್ನು ಕಂಡು ಕಾರಣವನ್ನು ಊಹಿಸೋಣವೆಂದರೆ, ಒಂದೇ ರೋಗಕ್ಕೆ ಅನೇಕ ಕಾರಣಗಳಿರಬಹುದಾದುದರಿಂದ ಅನುಮಾನವೂ ವಿವಾದಕ್ಕೆ ಗುರಿಯಾಗುವುದು. ಇನ್ನು ಉಳಿಯುವುದು ಪರೀಕ್ಷಾಲಯದ ಅಳತೆಯೊಂದೇ. ಅಳತೆಯಿಲ್ಲದಿದ್ದಲ್ಲಿ ಸಾಕ್ಷ್ಯವಿಲ್ಲ, ಸಾಕ್ಷ್ಯವಿಲ್ಲದಿದ್ದಲ್ಲಿ ನ್ಯಾಯವೂ ಇಲ್ಲ.

ಹಾಗಾದರೆ ಆ ಅಳತೆಯನ್ನು ಯಾರ ಹಣದಿಂದ, ಎಲ್ಲಿ, ಯಾವಾಗ ಮಾಡತಕ್ಕದ್ದು? ಇದು ರಸಾಯನಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲವೆಂಬುದನ್ನು ಕನ್ನಡನಾಡಿನ ಅಂಚಿನಲ್ಲಿರುವ ಪಡ್ರೆಯೆಂಬ ಊರಿನ ವೃತ್ತಾಂತದಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

೨. ಊರೂ ತೋಟವೂ

ಪಡ್ರೆಯು ಕೇರಳರಾಜ್ಯದ ಕಾಸರಗೋಡು ಜಿಲ್ಲೆಯಲ್ಲಿ, ಎಣ್ಮಕಜೆ ಗ್ರಾಮಪಂಚಾಯತಿಗೆ ಸೇರಿದ ಊರು. ೧೯೫೬ನೆಯ ಇಸವಿಯ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಪ್ರದೇಶವು ಕೇರಳಕ್ಕೆ ಸೇರಿತಾದರೂ, ಈ ಭಾಗದ ಜನರಲ್ಲಿ ಕನ್ನಡವೂ ತುಳುವೂ ಇಂದಿಗೂ ಬಳಕೆಯಲ್ಲಿರುವುವು. ಇಲ್ಲಿಯ ನೆಲವೆಲ್ಲ ಏರುತಗ್ಗು. ಗುಡ್ಡಗಳ ನಡುವಣ ತಗ್ಗಿನಲ್ಲಿ ಮನೆಗಳೂ ಅಡಕೆಯ ತೋಟಗಳೂ ಇರುವುವು. ಕುಡಿಯುವ ನೀರಿಗೆ ಅನೇಕರು ಸುರಂಗಗಳನ್ನು ನಂಬಿರುವರು. ಸುರಂಗವೆಂದರೆ ಗುಡ್ಡದ ಮಗ್ಗುಲಿನ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಒಳಗಿನ ಒರತೆಯನ್ನು ತಾನಾಗಿ ಹೊರಗೆ ಹರಿಯುವಂತೆ ಮಾಡಿದ ಬಿಲ. ಗುಡ್ಡದ ನೆತ್ತಿಯಲ್ಲಿ ಬಿದ್ದುದು ಕಾಲಕ್ರಮದಲ್ಲಿ ತಪ್ಪಲಿನ ಮನೆಗೆ ಇಳಿಯುವುದೆಂಬುದನ್ನು ಇದರಿಂದ ಊಹಿಸಬಹುದು.

ಆ ಗುಡ್ಡಗಳ ನೆತ್ತಿಯಲ್ಲಿ ಕೇರಳ ಸರಕಾರದ ಉದ್ಯಮವಾದ ಪ್ಲಾಂಟೇಷನ್ ಕಾರ್ಪೊರೇಷನ್ನಿನವರು ಗೇರುಮರಗಳನ್ನು ಬೆಳೆಸಿದರು. ಜಿಲ್ಲೆಯಲ್ಲಿ ಇಂತಹ ತೋಟದ ವಿಸ್ತಾರ ಸುಮಾರು ೪,೬೦೦ ಹೆಕ್ಟೇರು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕೆಡಿಸುವ ಟೀ ಸೊಳ್ಳೆಯೆಂಬ ಕೀಟವನ್ನು ನಿಗ್ರಹಿಸುವುದಕ್ಕಾಗಿ ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ನೆಯ ಇಸವಿಯ ಕೊನೆಯವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ತೋಟದ ಎಲ್ಲೆಯನ್ನು ಗಾಳಿಯು ಅರಿಯದಷ್ಟೆ. ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಗ್ರಾಮಗಳ ಕಡೆಯಲ್ಲಿಯೂ ಗೇರುತೋಟಗಳಿಗೆ ಇದೇ ಕ್ರಮ ನಡೆದಿದ್ದಿತು.

ಏನೋ ಕೆಟ್ಟಿತೆಂದು ಊರಿನವರಿಗೆ ಬಹು ಬೇಗನೆ ತೋರಿತು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು, ಕರುಗಳು ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದುದನ್ನು ಬಹಳ ಹಿಂದೆಯೇ ಪತ್ರಿಕೆಯಲ್ಲಿ ಬರೆದಿದ್ದರು. ವಾಣೀನಗರದಲ್ಲಿ ವೈದ್ಯವೃತ್ತಿಯಲ್ಲಿದ್ದ ಡಾ. ವೈ. ಎಸ್. ಮೋಹನಕುಮಾರರು, ಸಣ್ಣದೊಂದು ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಮುಂತಾದುವು ಅಸಾಧಾರಣವಾಗಿ ಕಾಣುವುವೆಂದು ಗುರುತಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಸ್ಥಾನಕ್ಕೆ ಹೋಗಿ ತಮ್ಮ ಭಾಗದಲ್ಲಿ ಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. ಕಂಡವರಿದ್ದರು, ಬರೆದವರಿದ್ದರು, ದೂರಿತ್ತವರೂ ಇದ್ದರು. ಇವರೆಲ್ಲರಿಗೂ ಎದುರಾದ ಪ್ರಶ್ನೆ ಒಂದೇ: ಪ್ರಮಾಣವೆಲ್ಲಿ?

೩. ಅಳೆಯುವ ಕ್ರಮ

ಆ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟವಾಗಿದ್ದಿತೆಂಬುದನ್ನು ತಿಳಿಯಲು ಪರೀಕ್ಷಾಕ್ರಮವನ್ನು ಸ್ವಲ್ಪದಲ್ಲಿ ಅರಿಯುವುದು ಅವಶ್ಯಕ. ಕುಡಿಯುವ ನೀರಿನಲ್ಲಿ ಎಂಡೋಸಲ್ಫಾನಿನ ಮಿತಿಯು, ಭಾರತೀಯ ಮಾನಕ ಸಂಸ್ಥೆಯ ೨೦೧೨ರ ನಿರ್ದೇಶದಂತೆ, ಲೀಟರಿಗೆ ೦.೪ ಮೈಕ್ರೊಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವುದು ಒಂದು ಮೈಕ್ರೊಗ್ರಾಂ. ಅದರ ಅರ್ಧಕ್ಕಿಂತಲೂ ಕಡಮೆಯಾದುದನ್ನು ಒಂದು ಲೀಟರು ನೀರಿನಲ್ಲಿ ಹುಡುಕಬೇಕಾಗುವುದು. ಶಾಲೆಯ ಪ್ರಯೋಗಶಾಲೆಯಲ್ಲಿ ಬಣ್ಣ ಬದಲಾಗುವುದನ್ನು ನೋಡಿ ತಿಳಿಯುವ ಪರೀಕ್ಷೆಗಳಿಗೆ ಇದು ನಿಲುಕದು.

ಇದಕ್ಕೆ ಉಪಯೋಗಿಸುವ ಯಂತ್ರವು ಗ್ಯಾಸ್ ಕ್ರೊಮಟೊಗ್ರಾಫ್. ಮೊದಲು ಮಾದರಿಯಿಂದ ವಿಷವನ್ನು ಒಂದು ದ್ರಾವಕಕ್ಕೆ ಸೆಳೆದು, ಶುದ್ಧಿಮಾಡಿ, ಸಾಂದ್ರಗೊಳಿಸುವರು. ಬಳಿಕ ಅದನ್ನು ಆವಿಯಾಗಿಸಿ ಕೂದಲಿನಂತಹ ನೀಳವಾದ ನಾಳದಲ್ಲಿ ಹಾಯಿಸಿದರೆ, ಒಂದೊಂದು ವಸ್ತುವೂ ತನ್ನದೇ ಆದ ಕಾಲದಲ್ಲಿ ಹೊರಬೀಳುವುದು. ಎಂಡೋಸಲ್ಫಾನಿನ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿರುವುವು. ಇಂತಹ ವಸ್ತುಗಳನ್ನು ಅತ್ಯಲ್ಪವಾಗಿದ್ದರೂ ಗುರುತಿಸಬಲ್ಲ ಶೋಧಕವನ್ನು ೧೯೫೭ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕರು ನಿರ್ಮಿಸಿದರು. ಆದರೆ ಬೇರೊಂದು ವಸ್ತುವು ಅದೇ ಕಾಲದಲ್ಲಿ ಹೊರಬೀಳುವ ಸಂಭವವುಂಟು. ಆದುದರಿಂದ ಅಣುವಿನ ತೂಕವನ್ನೇ ನೋಡಿ ಹೇಳುವ ಮಾಸ್ ಸ್ಪೆಕ್ಟ್ರೊಮೀಟರಿನಿಂದ ದೃಢಪಡಿಸಿಕೊಳ್ಳುವುದು ಉತ್ತಮಕ್ರಮವೆನಿಸುವುದು.

ಇಲ್ಲಿ ಗಮನಿಸತಕ್ಕ ಮತ್ತೊಂದು ಸಂಗತಿಯೆಂದರೆ ಕಾಲ. ಎಂಡೋಸಲ್ಫಾನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳಿರುವುವು. ಇವು ಮಣ್ಣಿನಲ್ಲಿಯೂ ದೇಹದಲ್ಲಿಯೂ ಎಂಡೋಸಲ್ಫಾನ್ ಸಲ್ಫೇಟೆಂಬ, ವಿಷಗುಣವನ್ನು ಬಿಡದ, ಮೂರನೆಯ ವಸ್ತುವಾಗಿ ಮಾರ್ಪಡುವುವು. ಮಣ್ಣಿನಲ್ಲಿ ಈ ಶೇಷವು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನಿಲ್ಲುವುದು; ಹರಿಯುವ ನೀರಿನಲ್ಲಿಯಾದರೋ ಬಹು ಬೇಗ ಇಲ್ಲವಾಗುವುದು. ಸಿಂಪಡಿಸಿದ ಮರುದಿನ ತೆಗೆದ ನೀರು ಹೇಳುವ ಮಾತನ್ನು ಆರು ತಿಂಗಳ ಮೇಲೆ ತೆಗೆದ ನೀರು ಹೇಳಲಾರದು. ತೆಗೆದ ಮಾದರಿಯನ್ನೂ ಗಾಜಿನ ಶುದ್ಧಪಾತ್ರೆಯಲ್ಲಿ, ಬೆಳಕು ತಗಲದಂತೆ, ತಂಪಿನಲ್ಲಿಟ್ಟು ಬೇಗನೆ ಪರೀಕ್ಷಾಲಯಕ್ಕೆ ಮುಟ್ಟಿಸಬೇಕು. ಪರೀಕ್ಷಾಲಯವು ದೂರವಾದಷ್ಟೂ ಖರ್ಚು ಹೆಚ್ಚುವುದಲ್ಲದೆ, ಪ್ರತಿವಾದಿಯು ಸಂಶಯವನ್ನು ಎತ್ತಲು ಅವಕಾಶವೂ ಹೆಚ್ಚುವುದು.

೪. ಮೂರು ವರದಿಗಳು

ಇಪ್ಪತ್ತು ವರ್ಷಗಳಿಗೆ ಮಿಕ್ಕಿ ಸಿಂಪಡಣೆ ನಡೆದ ಮೇಲೆ, ಅದು ನಿಲ್ಲುವ ಹೊತ್ತಿಗೆ, ಅಳತೆಗಳು ಒಂದರ ಹಿಂದೊಂದು ಬಂದುವು. ಮೊದಲನೆಯದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಎಂಬ ಸರಕಾರೇತರ ಸಂಸ್ಥೆಯದು. ಪಡ್ರೆಯಿಂದ ನೀರು, ಮಣ್ಣು, ತರಕಾರಿ, ಹಾಲು, ಮನುಷ್ಯರ ರಕ್ತ, ತಾಯಿಹಾಲು ಇವುಗಳ ಮಾದರಿಗಳು ದೆಹಲಿಗೆ ಹೋದುವು. ಅವುಗಳಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿ ಇರುವುದೆಂದು ಆ ಸಂಸ್ಥೆಯು ೨೦೦೧ನೆಯ ಫೆಬ್ರವರಿಯಲ್ಲಿ ಪ್ರಕಟಿಸಿತು. ಕೀಟನಾಶಕದ ತಯಾರಕರು ಇದನ್ನು ಒಪ್ಪಲಿಲ್ಲ.

ಎರಡನೆಯದು ತಮಿಳುನಾಡಿನ ಒಂದು ಖಾಸಗಿ ಸಂಸ್ಥೆಯ ವರದಿ. ಇದನ್ನು ಮಾಡಿಸಿದವರು ಸಿಂಪಡಣೆ ಮಾಡಿಸಿದ ಪ್ಲಾಂಟೇಷನ್ ಕಾರ್ಪೊರೇಷನ್ನಿನವರೇ. ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇಲ್ಲವೆಂದು ಅದೇ ವರ್ಷ ಈ ವರದಿ ಹೇಳಿತು.

ಮೂರನೆಯದು, ರಾಷ್ಟ್ರೀಯ ಮಾನವಹಕ್ಕುಗಳ ಆಯೋಗವು ವಿಷಯವನ್ನು ಕೈಗೆತ್ತಿಕೊಂಡ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಸಾರ್ವಜನಿಕ ಧನದಿಂದ ನಡೆಸಿದ ಅಧ್ಯಯನ. ಕೊನೆಯ ಸಿಂಪಡಣೆಯಾಗಿ ಆಗಲೇ ಸುಮಾರು ಹತ್ತು ತಿಂಗಳು ಕಳೆದಿದ್ದುವು. ಸಿಂಪಡಣೆಗೆ ಒಳಗಾದ ಊರಿನ ೧೧೭ ಮಂದಿ ಬಾಲಕರನ್ನೂ, ಒಳಗಾಗದ ಹೋಲಿಕೆಯ ಊರಿನ ೯೦ ಮಂದಿಯನ್ನೂ ಈ ಅಧ್ಯಯನವು ತೆಗೆದುಕೊಂಡಿತು. ರಕ್ತಪರೀಕ್ಷೆಯಾದವರಲ್ಲಿ, ರಕ್ತದ ದ್ರವಭಾಗದ ಶತಕೋಟಿ ಭಾಗಗಳಿಗೆ ಎಂಡೋಸಲ್ಫಾನಿನ ಸರಾಸರಿಯು ಮೊದಲನೆಯ ಗುಂಪಿನಲ್ಲಿ ೭.೪೭ ಭಾಗವೆಂದೂ, ಎರಡನೆಯ ಗುಂಪಿನಲ್ಲಿ ೧.೩೭ ಭಾಗವೆಂದೂ ೨೦೦೩ರಲ್ಲಿ ಪ್ರಕಟವಾದ ಪ್ರಬಂಧದಿಂದ ತಿಳಿಯುವುದು. ಈ ವಿಷವು ಬಾಲಕರು ಪ್ರಾಯಕ್ಕೆ ಬರುವುದನ್ನು ತಡಮಾಡುವ ಸಂಭವವುಂಟೆಂದು ಲೇಖಕರು ಸೂಚಿಸಿದರು. ತಮ್ಮ ಅಧ್ಯಯನದ ಸಂಖ್ಯೆಯು ಸಣ್ಣದೆಂಬುದನ್ನೂ ಮರೆಮಾಚಲಿಲ್ಲ.

ಒಂದೇ ನಾಡಿನ ಜನರನ್ನು ಕುರಿತು ಒಂದು ವರದಿಯು ಇದೆಯೆಂದೂ ಇನ್ನೊಂದು ಇಲ್ಲವೆಂದೂ ಹೇಳಿದಾಗ ಓದುವವರು ಮಾಡುವುದೇನು? ಯಂತ್ರದ ಸೂಕ್ಷ್ಮತೆಯನ್ನು ಪರೀಕ್ಷಿಸಬಲ್ಲವರು ಕೆಲವರೇ. ಉಳಿದವರೆಲ್ಲರೂ ಹಣ ಕೊಟ್ಟವರಾರೆಂದು ಕೇಳುವರು. ತೋಟದವರು ಹಣ ಕೊಟ್ಟ ವರದಿಯನ್ನು ಊರಿನವರು ನಂಬಲಿಲ್ಲ; ಚಳವಳಿಗಾರರಿಗೆ ಬೆಂಬಲವಾದ ವರದಿಯನ್ನು ತಯಾರಕರು ನಂಬಲಿಲ್ಲ. ಎರಡು ವರದಿಗಳ ಗುಣದೋಷಗಳು ಹೇಗಾದರೂ ಇರಲಿ, ಕಕ್ಷಿಗಾರನು ಕೊಂಡ ಅಳತೆಯು ಸಾಕ್ಷ್ಯವಾಗುವ ಮೊದಲೇ ಅರ್ಧ ಬೆಲೆಯನ್ನು ಕಳೆದುಕೊಳ್ಳುವುದೆಂಬುದು ಇದರಿಂದ ಸ್ಪಷ್ಟ. ಮೂರನೆಯ ಅಳತೆಯ ಧನವು ಯಾವ ಕಕ್ಷಿಯದೂ ಆಗಿರಲಿಲ್ಲ. ಅದಕ್ಕಿದ್ದ ಗೌರವಕ್ಕೆ ಇದು ಒಂದು ಮುಖ್ಯಕಾರಣ.

೫. ಕಳೆದುಹೋದ ಅಳತೆ

ಮೂರನೆಯ ವರದಿಯಿಂದಲೂ ವಿವಾದವು ಮುಗಿಯಲಿಲ್ಲ. ಕೇಂದ್ರ ಸರಕಾರದವರು ನೇಮಿಸಿದ ದುಬೆ ಸಮಿತಿಯು ೨೦೦೩ರಲ್ಲಿಯೂ, ಮಾಯಿ ಸಮಿತಿಯು ೨೦೦೪ರಲ್ಲಿಯೂ, ಪಡ್ರೆಯ ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧವು ಸಿದ್ಧವಾಗಿಲ್ಲವೆಂದು ಹೇಳಿದುವು. ೨೦೧೧ನೆಯ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಈ ವಸ್ತುವನ್ನು ವರ್ಜ್ಯಪಟ್ಟಿಗೆ ಸೇರಿಸಿದುವು. ಅದೇ ವರ್ಷ ಮೇ ೧೩ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆದಿತು. ೨೦೧೭ನೆಯ ಜನವರಿ ೧೦ರಂದು ಅದೇ ನ್ಯಾಯಾಲಯವು ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳಾದ ಮೇಲೆ, ೨೦೨೨ರಲ್ಲಿ, ೩,೭೦೪ ಮಂದಿಯಲ್ಲಿ ಎಂಟು ಮಂದಿಗೆ ಮಾತ್ರ ಆ ಹಣ ಸಂದಿರುವುದನ್ನು ಕಂಡು ನ್ಯಾಯಾಲಯವು ತೀವ್ರವಾಗಿ ಆಕ್ಷೇಪಿಸಿತು.

ನಿಷೇಧವಾಯಿತು, ಪರಿಹಾರದ ಆಜ್ಞೆಯೂ ಆಯಿತು. ಆದರೂ ಒಂದು ಪ್ರಶ್ನೆಯು ಹಾಗೆಯೇ ಉಳಿದಿರುವುದು. ೧೯೮೫ರಲ್ಲಿಯೋ ೧೯೯೨ರಲ್ಲಿಯೋ, ಸಿಂಪಡಣೆಯಾದ ವಾರದಲ್ಲಿ, ಪಡ್ರೆಯ ಸುರಂಗದ ನೀರಿನಲ್ಲಿ ಎಷ್ಟು ವಿಷವಿದ್ದಿತು? ಬಸುರಿಯರ ರಕ್ತದಲ್ಲಿ ಎಷ್ಟಿದ್ದಿತು? ಸಿಂಪಡಣೆ ಆರಂಭವಾಗುವುದಕ್ಕೆ ಮುನ್ನ ಆ ಊರಿನಲ್ಲಿ ರೋಗಗಳೆಷ್ಟಿದ್ದುವು? ಇವಕ್ಕೆ ಸಮರ್ಪಕವಾದ ಉತ್ತರವನ್ನು ಇನ್ನು ಯಾರೂ ಕೊಡಲಾರರು. ರಕ್ತದಲ್ಲಿ ವಿಷವಿದೆಯೆಂಬುದು ಒಂದು ಮಾತು. ಆ ವಿಷವೇ ಈ ಮಗುವಿನ ರೋಗಕ್ಕೆ ಕಾರಣವೆಂಬುದು ಬೇರೊಂದು ಮಾತು. ಇವೆರಡರ ನಡುವೆ ಸೇತುವಾಗಬೇಕಾಗಿದ್ದುದು ವರ್ಷ ವರ್ಷವೂ ಮಾಡಿಟ್ಟ ಅಳತೆಗಳ ದಾಖಲೆ. ಆ ದಾಖಲೆ ಇಲ್ಲದುದರಿಂದ, ವಿಷವೇ ಕಾರಣವೆನ್ನುವವರಿಗೂ ಅಲ್ಲವೆನ್ನುವವರಿಗೂ ಪೂರ್ಣವಾದ ಆಧಾರವು ದೊರೆಯದೆ ಹೋಯಿತು. ಸಂಶಯದ ಲಾಭವು ಯಾವಾಗಲೂ ಬಲಿಷ್ಠನಿಗೇ ಸಲ್ಲುವುದರಿಂದ ನಷ್ಟವೆಲ್ಲ ಊರಿನವರ ಪಾಲಿಗೆ ಬಂದಿತು.

ಸಾಹಿತ್ಯವು ತನ್ನ ಸಾಕ್ಷ್ಯವನ್ನು ನುಡಿಯದೆ ಇರಲಿಲ್ಲ. ಮಲಯಾಳದ ಲೇಖಕ ಅಂಬಿಕಾಸುತನ್ ಮಾಙಾಡರು ಈ ವೃತ್ತಾಂತವನ್ನೇ ವಸ್ತುವಾಗಿ ಮಾಡಿಕೊಂಡು ೨೦೦೯ರಲ್ಲಿ ‘ಎನ್ಮಕಜೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಆದರೆ ಕಾದಂಬರಿಯು ಮರುಕವನ್ನು ಎಬ್ಬಿಸಬಲ್ಲುದಲ್ಲದೆ ಅಳತೆಯ ಸ್ಥಾನದಲ್ಲಿ ನಿಲ್ಲಲಾರದು.

೬. ಕಾನೂನಿನ ಸ್ಥಿತಿ

ಪರೀಕ್ಷಾಲಯಗಳ ವಿಷಯದಲ್ಲಿ ನಮ್ಮ ಕಾನೂನು ಮೌನವಾಗಿಲ್ಲ. ೧೯೬೮ರ ಕೀಟನಾಶಕಗಳ ಅಧಿನಿಯಮ, ೧೯೭೪ರ ಜಲಮಾಲಿನ್ಯ ನಿವಾರಣಾ ಅಧಿನಿಯಮ, ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮ ಈ ಮೂರರಲ್ಲಿಯೂ ಪರೀಕ್ಷಾಲಯಗಳನ್ನೂ ಸರಕಾರಿ ವಿಶ್ಲೇಷಕರನ್ನೂ ಕುರಿತ ವಿಧಿಗಳಿರುವುವು. ಆದರೆ ೧೯೮೬ರ ಅಧಿನಿಯಮದ ೧೧ನೆಯ ಪ್ರಕರಣದಂತೆ ಮಾದರಿಯನ್ನು ತೆಗೆಯುವ ಅಧಿಕಾರವು ಸರಕಾರದವರದು ಅಥವಾ ಅವರಿಂದ ಅಧಿಕಾರ ಪಡೆದವರದು. ನೀರು ಕುಡಿಯುವವನಿಗೆ ಅದನ್ನು ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಈ ಪ್ರಕರಣದಲ್ಲಿ ಕಾಣುವುದಿಲ್ಲ.

ಆಹಾರದ ವಿಷಯದಲ್ಲಿ ಅಂತಹ ಹಕ್ಕು ಇದೆಯೆಂಬುದು ಕುತೂಹಲಕರವಾದ ಸಂಗತಿ. ಇದರ ಮೂಲವು ಇಂಗ್ಲೆಂಡಿನಲ್ಲಿರುವುದು. ೧೮೫೮ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಪಾಷಾಣ ಬೆರೆತ ಮಿಠಾಯಿಯನ್ನು ತಿಂದು ಸುಮಾರು ೨೦ ಮಂದಿ ಸತ್ತರು. ೧೮೬೦ರಲ್ಲಿ ಬಂದ ಕಾನೂನು ಸ್ಥಳೀಯ ಸಂಸ್ಥೆಗಳು ಬೇಕಾದರೆ ಸಾರ್ವಜನಿಕ ವಿಶ್ಲೇಷಕರನ್ನು ನೇಮಿಸಬಹುದೆಂದು ಹೇಳಿತು. ಬೇಕಾದರೆ ಎಂದುದರಿಂದ ನೇಮಿಸಿದವರು ಕೆಲವರೇ. ಬಳಿಕ ಕಾನೂನನ್ನು ಬಿಗಿಗೊಳಿಸಬೇಕಾಯಿತು; ೧೮೭೫ರ ಕಾನೂನು, ಯಾವ ಗ್ರಾಹಕನಾದರೂ ಹತ್ತೂವರೆ ಷಿಲಿಂಗಿಗೆ ಮೀರದ ಶುಲ್ಕವನ್ನು ಕೊಟ್ಟು ತಾನು ಕೊಂಡ ಪದಾರ್ಥವನ್ನು ಸ್ಥಳೀಯ ವಿಶ್ಲೇಷಕನಿಂದ ಪರೀಕ್ಷೆ ಮಾಡಿಸಬಹುದೆಂದು ವಿಧಿಸಿತು. ನಮ್ಮ ೨೦೦೬ರ ಆಹಾರ ಸುರಕ್ಷತಾ ಅಧಿನಿಯಮದ ೪೦ನೆಯ ಪ್ರಕರಣವು ಇದೇ ಜಾತಿಯದು. ಅದರಂತೆ ಗ್ರಾಹಕನು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಪದಾರ್ಥವು ಕೆಟ್ಟದ್ದೆಂದು ಸಿದ್ಧವಾದರೆ ಕೊಟ್ಟ ಶುಲ್ಕವು ಅವನಿಗೆ ಹಿಂದಿರುಗುವುದು. ಅಂಗಡಿಯಲ್ಲಿ ಕೊಂಡ ಮೆಣಸಿನ ಪುಡಿಗಿರುವ ಈ ಸೌಲಭ್ಯವು ಮನೆಯ ಹಿಂದಿನ ಸುರಂಗದ ನೀರಿಗೂ ಇರಬೇಕೆಂಬುದು ಅತಿಯಾಸೆಯೆನಿಸದು.

ನೀರಿನ ವಿಷಯದಲ್ಲಿ ಒಂದು ಹೆಜ್ಜೆಯನ್ನು ಇಟ್ಟಿರುವುದನ್ನೂ ಹೇಳಬೇಕು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯ ನಿಯಮಗಳಲ್ಲಿ ಶೇಕಡಾ ೨ರಷ್ಟು ಹಣವನ್ನು ನೀರಿನ ಗುಣಪರೀಕ್ಷೆಗೆ ಮೀಸಲಿಡಲಾಯಿತು. ಗ್ರಾಮಕ್ಕೆ ಐದು ಮಂದಿಯಂತೆ, ಹೆಚ್ಚಾಗಿ ಹೆಂಗಸರಿಗೆ, ಪರೀಕ್ಷಾಪೆಟ್ಟಿಗೆಯನ್ನು ಬಳಸುವ ಶಿಕ್ಷಣವನ್ನು ಕೊಡುವ ಏರ್ಪಾಡಾಯಿತು. ಸಾರ್ವಜನಿಕ ಧನವು ಹಳ್ಳಿಯ ನಲ್ಲಿಯವರೆಗೆ ತಲುಪಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ಆ ಪೆಟ್ಟಿಗೆಯು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಮುಂತಾದುವನ್ನು ತೋರಿಸುವುದೇ ಹೊರತು ಕೀಟನಾಶಕವನ್ನು ತೋರಿಸದು. ಪೆಟ್ಟಿಗೆಯಲ್ಲಿ ಕಾಣದುದು ಇಲ್ಲವೇ ಇಲ್ಲವೆಂದು ಹಳ್ಳಿಯವರು ತಿಳಿದರೆ, ಅರ್ಧ ಅಳತೆಯು ಪೂರ್ಣ ಅಜ್ಞಾನಕ್ಕಿಂತ ಅಪಾಯಕರವಾದೀತು.

೭. ಆಕ್ಷೇಪಗಳೂ ಸಮಾಧಾನಗಳೂ

ಮೊದಲನೆಯ ಆಕ್ಷೇಪವು ಖರ್ಚಿನದು. ಮೇಲೆ ಹೇಳಿದ ಯಂತ್ರಗಳ ಬೆಲೆ ದೊಡ್ಡದು; ನಡೆಸುವ ಖರ್ಚೂ ಪ್ರತಿವರ್ಷ ಉಂಟು. ಆದರೆ ಇದಕ್ಕೆ ಎದುರಾಗಿ ಮತ್ತೊಂದು ಲೆಕ್ಕವನ್ನು ಇಡತಕ್ಕದ್ದು. ೩,೭೦೪ ಮಂದಿಗೆ ತಲಾ ೫ ಲಕ್ಷವೆಂದರೆ ೧೮೫ ಕೋಟಿ ರೂಪಾಯಿಗೂ ಮೀರುವುದು. ಚಿಕಿತ್ಸೆ, ಮಾಸಾಶನ, ವ್ಯಾಜ್ಯಗಳ ಖರ್ಚು ಇದಕ್ಕೆ ಹೊರತು. ಪರೀಕ್ಷೆಗೆ ಹಣವಿಲ್ಲವೆನ್ನುವ ರಾಜ್ಯವು ಪರಿಹಾರಕ್ಕೆ ಅದರ ಹಲವು ಪಾಲನ್ನು ತೆರಬೇಕಾಗುವುದು.

ಎರಡನೆಯದು, ಸಣ್ಣ ಪರೀಕ್ಷಾಲಯಗಳ ಅಳತೆಯನ್ನು ನಂಬಲಾಗದೆಂಬುದು. ಇದರಲ್ಲಿ ಸತ್ಯಾಂಶವುಂಟು. ಆದುದರಿಂದ ಗ್ರಾಮಗ್ರಾಮಕ್ಕೂ ಯಂತ್ರವನ್ನು ಇಡಬೇಕೆಂದು ಹೇಳುವುದಿಲ್ಲ. ಮಾದರಿಯನ್ನು ಸರಿಯಾಗಿ ತೆಗೆದು ತಂಪಿನಲ್ಲಿ ಕಾಪಾಡುವ ಏರ್ಪಾಡು ಗ್ರಾಮದಲ್ಲಿಯೂ, ಮೊದಲ ಪರೀಕ್ಷೆಯು ಜಿಲ್ಲೆಯಲ್ಲಿಯೂ, ದೃಢೀಕರಣವು ದೊಡ್ಡ ಕೇಂದ್ರದಲ್ಲಿಯೂ ಆಗಬಹುದು. ವಿಷವಿಲ್ಲದುದೆಂದು ಗೊತ್ತಿರುವ ಮಾದರಿಯನ್ನೂ, ಒಂದೇ ಮಾದರಿಯ ಎರಡು ಪಾಲುಗಳನ್ನೂ ಗುಟ್ಟಾಗಿ ಸೇರಿಸಿ ಕಳುಹಿಸಿದರೆ ಪರೀಕ್ಷಾಲಯದ ಯೋಗ್ಯತೆಯು ತಾನಾಗಿ ಹೊರಬೀಳುವುದು.

ಮೂರನೆಯದು, ವಿಷವನ್ನು ಹರಡಿದವನೇ ಖರ್ಚನ್ನು ಭರಿಸಬೇಕಲ್ಲದೆ ತೆರಿಗೆ ಕೊಡುವವನೇಕೆಂಬುದು. ಮಲಿನಮಾಡಿದವನೇ ತೆರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಎತ್ತಿಹಿಡಿದಿರುವುದು. ಅದನ್ನು ಇಲ್ಲಿ ಕೈಬಿಡಬೇಕಾಗಿಲ್ಲ. ಆದರೆ ಹಣವು ಅವನ ಕೈಯಿಂದ ನೇರವಾಗಿ ಪರೀಕ್ಷಕನ ಕೈಗೆ ಹೋಗಬಾರದು. ಅದು ಸಾರ್ವಜನಿಕ ನಿಧಿಗೆ ಸೇರಿ, ಅಲ್ಲಿಂದ ಪರೀಕ್ಷಾಲಯಕ್ಕೆ ಬರಬೇಕು. ಪಡ್ರೆಯಲ್ಲಿ ತೋಟವೂ ಸರಕಾರದ ಉದ್ಯಮವೇ ಆಗಿದ್ದಿತೆಂಬುದನ್ನು ನೆನೆದರೆ, ಧನವು ಸಾರ್ವಜನಿಕವಾಗಿದ್ದರೆ ಸಾಲದೆಂದೂ, ಉದ್ಯಮ ನಡೆಸುವ ಇಲಾಖೆಗೆ ಪರೀಕ್ಷಾಲಯವು ಅಧೀನವಾಗಿರಬಾರದೆಂದೂ ತಿಳಿಯುವುದು.

ಇವುಗಳಿಗೆ ಇನ್ನೊಂದನ್ನು ಸೇರಿಸಬೇಕಾಗಿರುವುದು. ಅದು ಭಾಷಾಧ್ಯಾಪಕರಿಗೆ ವಿಶೇಷವಾಗಿ ಸಂಬಂಧಿಸಿದುದು. ಅಹಮದಾಬಾದಿನ ಅಧ್ಯಯನವು ವಿದ್ವತ್ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಯಾರ ಮಕ್ಕಳ ರಕ್ತವನ್ನು ಅಳೆದರೋ ಅವರು ಕನ್ನಡಿಗರು, ತುಳುವರು, ಮಲಯಾಳಿಗಳು. ಅಂಕೆಯ ಅರ್ಥವೇನು, ಅದರ ಮಿತಿಯೇನು, ಅದರಿಂದ ಏನು ಸಿದ್ಧವಾಗುವುದು, ಏನು ಸಿದ್ಧವಾಗದು ಎಂಬುದನ್ನು ಊರಿನ ಮಾತಿನಲ್ಲಿ ತಪ್ಪಿಲ್ಲದೆ ಹೇಳುವುದೂ ಪರೀಕ್ಷೆಯ ಒಂದು ಅಂಗವೆಂದು ಎಣಿಸಿ, ಅದಕ್ಕೂ ಧನವನ್ನು ಒದಗಿಸತಕ್ಕದ್ದು.

೮. ಉಪಸಂಹಾರ

ಎಂಡೋಸಲ್ಫಾನ್ ಹೋಯಿತು, ಬೇರೆ ಕೀಟನಾಶಕಗಳು ಬಳಕೆಯಲ್ಲಿರುವುವು. ಅವುಗಳಲ್ಲಿ ಯಾವುದು ನಿರಪಾಯಕರ, ಯಾವುದು ಅಲ್ಲ ಎಂಬುದನ್ನು ಇಂದೇ ಖಂಡಿತವಾಗಿ ಹೇಳುವುದು ಸಾಧ್ಯವಿಲ್ಲದಿರಬಹುದು. ಇಂದಿನ ನೀರಿನಲ್ಲಿ, ಮಣ್ಣಿನಲ್ಲಿ, ರಕ್ತದಲ್ಲಿ ಎಷ್ಟಿದೆಯೆಂದು ಅಳೆದು ಬರೆದಿಡುವುದಂತೂ ಸಾಧ್ಯ. ಮುಂದೆ ವಿವಾದವೆದ್ದಾಗ ಎರಡು ಕಕ್ಷಿಗಳಿಗೂ ಆಧಾರವಾಗತಕ್ಕುದು ಆ ಬರಹವೇ.

ನ್ಯಾಯಾಧೀಶರ ಸಂಬಳವನ್ನು ವಾದಿಪ್ರತಿವಾದಿಗಳು ಕೊಡುವುದಿಲ್ಲ. ತೂಕದ ಬಟ್ಟುಗಳಿಗೆ ಮುದ್ರೆಯೊತ್ತುವ ಕೆಲಸವನ್ನು ವರ್ತಕರಿಗೆ ಬಿಟ್ಟಿಲ್ಲ. ವಿಷವನ್ನು ಅಳೆಯುವ ಕೆಲಸವೂ ಇವುಗಳ ಸಾಲಿಗೇ ಸೇರಿದುದು. ಕಟ್ಟದ ರಸ್ತೆಯನ್ನು ಮುಂದಿನ ವರ್ಷ ಕಟ್ಟಬಹುದು. ತೆರೆಯದ ಶಾಲೆಯನ್ನು ತಡವಾಗಿಯಾದರೂ ತೆರೆಯಬಹುದು. ಆದರೆ ೧೯೮೫ರ ಸುರಂಗದ ನೀರನ್ನು ಇಂದು ಯಾವ ಧನದಿಂದಲೂ ಅಳೆಯಲಾಗದು. ಪಡ್ರೆಯವರು ಪ್ರಮಾಣವಿಲ್ಲದೆ ಕಳೆದ ಇಪ್ಪತ್ತು ವರ್ಷಗಳಂತಹವು ಇನ್ನೊಂದು ಊರಿಗೆ ಬಾರದಂತೆ ನೋಡಿಕೊಳ್ಳುವ ಹೊಣೆಯು ಸಾರ್ವಜನಿಕ ಧನವನ್ನು ಹಂಚುವವರ ಮೇಲೆಯೂ, ಹಾಗೆ ಹಂಚಬೇಕೆಂದು ಕೇಳಬೇಕಾದ ವಿದ್ಯಾವಂತರ ಮೇಲೆಯೂ ಇರುವುದು.